ತುಂಡಾದ ಹಸಿರು ತಂತಿ

ಜೆಪ್ಪುವಿನ ಆ ವರ್ಕ್‌ಶಾಪಿಗೆ ನಾನು ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಆಗ ನನ್ನ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಗಂಡ ಬಹರೇನ್‌ನಲ್ಲಿದ್ದರು, ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಮದುವೆಗೆ ಮೊದಲು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಹಂಪನಕಟ್ಟೆಯ ಒಂದು ರೇಡಿಯೋ ಅಂಗಡಿಯಲ್ಲಿ ಸ್ವಲ್ಪ ಕಾಲ ರಿಪೇರಿ ಕೆಲಸ ಮಾಡಿದ್ದೆ. ಮದುವೆಯಾದ ಮೇಲೆ ಸೋಲ್ಡರಿಂಗ್ ಐರನ್ ಕಪಾಟಿನ ಮೇಲೆ ಹೋಗಿ ಕೂತಿತು. ನೆರೆಮನೆಯವರ ಟೇಪ್‌ರೆಕಾರ್ಡರ್ ಕೆಟ್ಟರೆ ಮಾತ್ರ ಅದು ಕೆಳಗಿಳಿಯುತ್ತಿತ್ತು.

ನಮ್ಮ ಓಣಿಯ ಕೊನೆಯಲ್ಲಿ ಹಿಂದೆ ಹೆಂಚು ಪೇರಿಸಿಡುತ್ತಿದ್ದ ಒಂದು ಗೋದಾಮಿತ್ತು. ಅದನ್ನು ಕೊಂಡವರು ಮೊದಲು ಗದ್ದೆ-ತೋಟ ಇದ್ದ ಮನೆತನದವರು. ಗದ್ದೆ ಒಕ್ಕಲುಗಳಿಗೆ ಹೋದ ಮೇಲೆ ಪೇಟೆಗೆ ಬಂದು, ಮದುವೆ ಮನೆಗಳಿಗೆ ಕುರ್ಚಿ ಮತ್ತು ಮೈಕು ಬಾಡಿಗೆಗೆ ಕೊಡಲು ಶುರು ಮಾಡಿದ್ದರು. ತುಳು ನಾಟಕಗಳಿಗೆ ಜನ ಮುಗಿಬೀಳುತ್ತಿದ್ದ ಕಾಲ ಅದು. ಭೂತ ಮಾಯವಾಗಬೇಕು, ದೇವಿ ಪ್ರತ್ಯಕ್ಷವಾಗಬೇಕು, ಬೆಂಕಿ ಇಲ್ಲದೆ ಮನೆ ಹೊತ್ತಿ ಉರಿಯಬೇಕು. ಇವಕ್ಕೆಲ್ಲ ಲೈಟು ಬೇಕು. ಹಾಗಾಗಿ ಅವರು ನಾಟಕದ ಲೈಟುಗಳನ್ನೂ ತಂದಿಟ್ಟರು. ಎಲ್ಲರೂ ಅವರನ್ನು ದಣಿಗಳು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಒಂದು ದಿನ ಅವರೇ ನಮ್ಮ ಮನೆಯ ಮೆಟ್ಟಿಲ ಹತ್ತಿರ ಬಂದು ನಿಂತರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ತುಳುವರು ಬಾಯಮ್ಮ ಎನ್ನುತ್ತಾರೆ, ಗಂಡಸರನ್ನು ಪೊರ್ಬುಳು ಎನ್ನುತ್ತಾರೆ.

"ಬಾಯಮ್ಮ, ನಿಮಗೆ ಕರೆಂಟಿನ ಓದು ಉಂಟಂತೆ ಅಲ್ವಾ? ನಮ್ಮ ಪೊರ್ಬುಳಿಗೆ ಒಬ್ಬರಿಗೇ ಆಗ್ತಾ ಇಲ್ಲ. ಲೈಟಿನ ಡಬ್ಬಿಗಳೆಲ್ಲ ಒಂದಲ್ಲ ಒಂದು ಹಾಳಾಗಿ ಬರ್ತದೆ. ಬಂದು ಕಲಿತುಕೊಳ್ಳಿ. ಅವರ ನಂತರ ಯಾರು, ಹೇಳಿ?"

ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡರು. ದಣಿಗಳು ಹೋದ ಮೇಲೆ ನನ್ನ ಎದುರು ಕೂತು, "ಕರೆಂಟಿನ ಕೆಲಸ ಗಂಡಸರನ್ನೇ ಬಿಡುವುದಿಲ್ಲ" ಎಂದರು. ಎದ್ದು ಒಳಗೆ ಹೋಗುತ್ತಾ, "ಸಂಜೆ ಇಗರ್ಜಿ ಗಂಟೆ ಹೊಡೆಯುವ ಮೊದಲು ಮನೆಯಲ್ಲಿರಬೇಕು, ಅಷ್ಟೇ" ಎಂದು ಸೇರಿಸಿದರು. ಅದು ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ದಣಿಗಳು ಪೊರ್ಬುಳು ಎಂದದ್ದು ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರನ್ನು. ಹೆಂಡತಿ ತೀರಿಹೋಗಿದ್ದರು, ಮಗಳು ಬೊಂಬಾಯಿಯಲ್ಲಿದ್ದಳು. ನಾನು ಅವರನ್ನು ಅಂಕಲ್ ಎಂದೆ, ಅವರು ನನ್ನನ್ನು ಮಗಳನ್ನು ಕರೆಯುವಂತೆ ಬಾಯೆ ಎಂದರು. ನಮ್ಮಿಬ್ಬರ ಮಾತು ಕೊಂಕಣಿಯಲ್ಲಿ, ದಣಿಗಳು ಬಂದರೆ ತುಳುವಿನಲ್ಲಿ. ಮೊದಲ ದಿನ ಅವರು ಏನನ್ನೂ ಕಲಿಸಲಿಲ್ಲ. ಬೆಳಿಗ್ಗೆ ನಾನು ಹೋದಾಗ ಒಂದು ಕಬ್ಬಿಣದ ಡಬ್ಬಿಯ ಪ್ಲಗ್ಗನ್ನು ನನ್ನ ಕಣ್ಣೆದುರೇ ಎಳೆದು ತೆಗೆದು ಮೇಜಿನ ಮೇಲೆ ಇಟ್ಟರು. ಅದು ಮಿಂಚಿನಂತೆ ಬೆಳಕು ಬಿಟ್ಟು ಬಿಟ್ಟು ಹೊಡೆಯುವ ಲೈಟಿನ ಪವರ್ ಸಪ್ಲೈ. ಮಧ್ಯಾಹ್ನ ಊಟ ಮಾಡಿ ಬಂದೆವು. ಆಮೇಲೆ ಮುಚ್ಚಳ ತೆಗೆದು, ಒಳಗಿದ್ದ ದಪ್ಪ ಕಂಡೆನ್ಸರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟರು. ಪಟಾಕಿ ಹೊಡೆದಂತೆ ಶಬ್ದವಾಯಿತು. ಸ್ಕ್ರೂಡ್ರೈವರಿನ ತುದಿ ಕರಗಿ ಕಪ್ಪಾಗಿತ್ತು. ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆ.

"ಪ್ಲಗ್ ತೆಗೆದದ್ದು ಬೆಳಿಗ್ಗೆ" ಎಂದರು ಅಂಕಲ್. "ನಿನಗೆ ಗೊತ್ತು, ನನಗೆ ಗೊತ್ತು. ಇದಕ್ಕೆ ಗೊತ್ತಿಲ್ಲ."

ಆಮೇಲೆ ಎಂದೂ ಹಾಗೆ ಸ್ಕ್ರೂಡ್ರೈವರ್ ಹಾಕಬಾರದೆಂದು ಹೇಳಿ, ಒಂದು ಬಲ್ಬಿಗೆ ಎರಡು ವಯರು ಕಟ್ಟಿ ಕೊಟ್ಟರು. ಯಾವ ಡಬ್ಬಿಯನ್ನು ತೆರೆದರೂ ಮೊದಲು ಆ ವಯರುಗಳನ್ನು ಕಂಡೆನ್ಸರಿಗೆ ತಾಗಿಸಬೇಕು. ಬಲ್ಬು ಒಮ್ಮೆ ಹೊಳೆದು ಆರಿಹೋದರೆ ಒಳಗೆ ಉಳಿದಿದ್ದ ಕರೆಂಟು ಹೋಯಿತೆಂದು ಅರ್ಥ. ಆರಿದ ಮೇಲೂ ಇನ್ನೊಮ್ಮೆ ತಾಗಿಸಬೇಕು. ಕರೆಂಟು ಎದೆ ದಾಟಿ ಹೋಗದಂತೆ ಎಡಗೈ ಬೆನ್ನ ಹಿಂದೆ ಇರಬೇಕು. ಅನುಮಾನವಿದ್ದ ಲೋಹವನ್ನು ಮುಟ್ಟುವುದಾದರೆ ಅಂಗೈಯಿಂದ ಅಲ್ಲ, ಬೆರಳ ಹಿಂಬದಿಯಿಂದ. ಶಾಕ್ ಹೊಡೆದರೆ ಕೈ ಮುಷ್ಟಿ ಹಿಡಿಯುತ್ತದೆ. ಅಂಗೈಯಿಂದ ಮುಟ್ಟಿದವನು ಹಿಡಿದುಕೊಂಡೇ ಉಳಿಯುತ್ತಾನೆ. ಹಡಗಿನ ಇಂಜಿನ್ ರೂಮಿನಲ್ಲಿ ಹಾಗೆ ಉಳಿದುಹೋದ ಒಬ್ಬನನ್ನು ಅವರು ನೋಡಿದ್ದರಂತೆ. ಎಲ್ಲಿ, ಯಾವಾಗ ಎಂದು ಕೇಳಿದೆ. "ಅದೆಲ್ಲ ಬೇಡ" ಎಂದರು.

ಪವರ್ ಸಪ್ಲೈ ಎಂದರೆ ದೊಡ್ಡ ರಹಸ್ಯವೇನಲ್ಲ. ಗೋಡೆಯಿಂದ ಬರುವ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ತಗ್ಗಿಸುತ್ತದೆ, ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ಕಂಡೆನ್ಸರು ಅದರ ಏರಿಳಿತವನ್ನು ನುಂಗಿ ಸಮ ಮಾಡುತ್ತದೆ. ಪುಸ್ತಕದಲ್ಲಿ ಇದನ್ನು ನಾನು ಬರೆದು ಪಾಸಾಗಿದ್ದೆ. ಆದರೆ ಪುಸ್ತಕದ ಚಿತ್ರದಲ್ಲಿ ವಾಸನೆ ಇರಲಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರಿನ ವಾರ್ನಿಶ್ ವಾಸನೆ, ಸತ್ತ ಡಯೋಡಿನ ಬೆಳ್ಳುಳ್ಳಿಯಂಥ ವಾಸನೆ, ಹೊಟ್ಟೆ ಉಬ್ಬಿದ ಕಂಡೆನ್ಸರಿನಿಂದ ಸೋರುವ ಮೀನಿನಂಥ ವಾಸನೆ ಎಲ್ಲ ನನಗೆ ಆ ಗೋದಾಮಿನಲ್ಲೇ ಪರಿಚಯವಾದವು. ಸಮುದ್ರದ ಗಾಳಿಗೆ ತಾಮ್ರದ ತಂತಿಯೆಲ್ಲ ಹಸಿರು ಹಿಡಿಯುತ್ತಿತ್ತು. ನಾಟಕದವರು ಫ್ಯೂಸ್ ಹೋದ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತುರುಕಿ ಕಳಿಸುತ್ತಿದ್ದರು. ರಿಪೇರಿಯಾದ ಡಬ್ಬಿಯನ್ನು ನೇರವಾಗಿ ಕರೆಂಟಿಗೆ ಕೊಡುವಂತಿರಲಿಲ್ಲ. ನಡುವೆ ಒಂದು ದೊಡ್ಡ ಬಲ್ಬು ಇರುತ್ತಿತ್ತು. ಬಲ್ಬು ಮಂದವಾಗಿ ಕೆಂಪಗಿದ್ದರೆ ಸರಿ. ಪೂರ್ತಿ ಬೆಳಗಿದರೆ ಒಳಗೆ ಇನ್ನೂ ಏನೋ ಶಾರ್ಟ್ ಆಗಿದೆ. ಸ್ವಿಚ್ಚು ಒತ್ತುವ ಮೊದಲು ಅಂಕಲ್ ಪ್ರತಿ ಸಲವೂ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಸ್ವಲ್ಪ ದಿನದಲ್ಲಿ ನನಗೂ ಆ ಅಭ್ಯಾಸ ಹತ್ತಿತು.

ಮುಂದಿನ ವರ್ಷ ನಾಟಕದ ಸೀಸನ್ ಶುರುವಾಗುವ ಹೊತ್ತಿಗೆ ದಣಿಗಳು ಬೊಂಬಾಯಿಯಿಂದ ಒಂದು ಡಿಮ್ಮರ್ ತರಿಸಿದರು. ಲೈಟುಗಳನ್ನು ನಿಧಾನಕ್ಕೆ ಏರಿಸಿ ಇಳಿಸುವ ಪೆಟ್ಟಿಗೆ ಅದು. ಅಲ್ಲಿಯ ತನಕ ನಮ್ಮೂರಿನಲ್ಲಿ ಉಪ್ಪು ನೀರಿನ ಭರಣಿಯಲ್ಲಿ ತಗಡು ಇಳಿಬಿಟ್ಟು ಬೆಳಕು ತಗ್ಗಿಸುವವರೂ ಇದ್ದರು. ಇದು ಹಾಗಲ್ಲ, ಗುಂಡಿ ತಿರುಗಿಸಿದರೆ ಸಾಕು, ವೇದಿಕೆಯ ಮೇಲೆ ಸೂರ್ಯ ಮುಳುಗುತ್ತಿದ್ದ. ಬೂದು ಬಣ್ಣದ ಭಾರದ ಪೆಟ್ಟಿಗೆ, ಎರಡು ಬದಿಯಲ್ಲಿ ಬಣ್ಣವಿಲ್ಲದ ಉಕ್ಕಿನ ಹಿಡಿಕೆ. ಯಾವುದೋ ಮುಚ್ಚಿಹೋದ ಕಂಪೆನಿಯದ್ದು, ಯಾರೋ ಬಳಸಿ ಬಿಟ್ಟದ್ದು.

ಮುಚ್ಚಳ ತೆಗೆದು ಒಳಗಿನ ಪವರ್ ಸಪ್ಲೈಯನ್ನು ಪರೀಕ್ಷಿಸುವ ಕೆಲಸ ನನಗೆ ಬಂತು. ಎಲ್ಲ ಚೊಕ್ಕವಾಗಿತ್ತು. ಪೆಟ್ಟಿಗೆಯ ಮೈಗೆ ಬಂದು ಸೇರುವ ಹಸಿರು ತಂತಿ, ಅಂದರೆ ಅರ್ತಿಂಗ್ ತಂತಿ ಮಾತ್ರ ನಡುವೆ ಒಂದು ಕಡೆ ದಪ್ಪಗಿತ್ತು. ಟೇಪು ಬಿಚ್ಚಿ ನೋಡಿದೆ. ಯಾರೋ ಆ ತಂತಿಯನ್ನು ಕತ್ತರಿಸಿದ್ದರು. ಆಮೇಲೆ ಯಾರೋ ಅದನ್ನು ಮತ್ತೆ ಬಿಗಿಯಾಗಿ ತಿರುಚಿ, ಬೆಸೆದು, ಪದರ ಪದರವಾಗಿ ಟೇಪು ಸುತ್ತಿದ್ದರು.

ಅಂಕಲ್ ಕನ್ನಡಕ ಏರಿಸಿ ಆ ಗಂಟನ್ನು ಬಹಳ ಹೊತ್ತು ನೋಡಿದರು.

"ತುಂಡು ಮಾಡಿದ್ದು ಯಾಕೆ ಅಂತ ಗೊತ್ತಾಗ್ತದೆ" ಎಂದರು. "ಮೈಕಿನಲ್ಲಿ ಗುಂಯ್ ಅಂತ ಬಂದಿರಬೇಕು. ಅದಕ್ಕೆ ಮಾಡ್ತಾರೆ. ಆದರೆ ಒಮ್ಮೆ ತುಂಡು ಮಾಡಿದವನು ಮತ್ತೆ ಇಷ್ಟು ಗಟ್ಟಿ ಜೋಡಿಸಬೇಕಾದರೆ ನಡುವೆ ಎಂತ ಆಯಿತು ಬಾಯೆ?"

ಅವರು ಹೊಸ ತಂತಿ ಹಾಕಿಸಿದರು. ಹಳೆಯ ತುಂಡನ್ನು ಕಸಕ್ಕೆ ಹಾಕದೆ ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರು.

ಆ ಪೆಟ್ಟಿಗೆಯನ್ನು ಒಂದು ದೊಡ್ಡ ನಾಟಕ ತಂಡ ಇಡೀ ಸೀಸನ್ನಿಗೆ ಗೊತ್ತು ಮಾಡಿತು. ಮೊದಲ ಪ್ರದರ್ಶನ ಮುಗಿದ ಮರುದಿನವೇ ತಂಡದ ಮ್ಯಾನೇಜರು ಗೋದಾಮಿಗೆ ಬಂದರು. ಲೈಟು ಅದ್ಭುತ, ಆದರೆ ಲೈಟು ತಗ್ಗಿಸಿದಾಗಲೆಲ್ಲ ಮೈಕಿನಲ್ಲಿ ಜೇನುಗೂಡು ಎದ್ದಂತೆ ಗುಂಯ್‌ಗುಡುತ್ತದೆ, ತಾಯಿ ಸಾಯುವ ದೃಶ್ಯದಲ್ಲಿ ಜನ ನಕ್ಕರು ಎಂದರು. ದಣಿಗಳು ನಮ್ಮ ಬೆಂಚಿನ ಹತ್ತಿರ ಬಂದರು.

"ಪೊರ್ಬುಳೇ, ಆ ಹಸಿರು ವಯರು ತೆಗೆದರೆ ಹೋಗ್ತದಂತೆ ಅಲ್ವಾ? ಉಡುಪಿಯ ಮೈಕಿನವ ಹೇಳಿದ."

"ಶಬ್ದ ಹೋಗ್ತದೆ" ಎಂದರು ಅಂಕಲ್. "ತೆಗೀಲಿಕ್ಕೆ ಆಗುವುದಿಲ್ಲ ದಣಿಗಳೇ."

"ಎಂತಕ್ಕೆ?"

ನಾನು ಹೇಳಿದೆ. ಕರೆಂಟು ಪೆಟ್ಟಿಗೆಯೊಳಗೆ ಬರುವ ಜಾಗದಲ್ಲೇ ಫಿಲ್ಟರಿನ ಸಣ್ಣ ಕಂಡೆನ್ಸರುಗಳಿವೆ, ಅವುಗಳ ಒಂದು ತುದಿ ಪೆಟ್ಟಿಗೆಯ ಮೈಗೇ ಸೇರಿದೆ, ಹಸಿರು ತಂತಿ ಇರುವವರೆಗೆ ಅಲ್ಲಿ ಸೋರುವ ಕರೆಂಟು ನೆಲಕ್ಕೆ ಹೋಗುತ್ತದೆ, ತಂತಿ ಇಲ್ಲದಿದ್ದರೆ ಪೆಟ್ಟಿಗೆಯ ಮೈಯಲ್ಲೇ ನಿಂತಿರುತ್ತದೆ, ಕಂಡೆನ್ಸರು ಹಾಳಾದರಂತೂ ಪೂರ್ತಿ ಕರೆಂಟು ಹಿಡಿಕೆಗೇ ಬರುತ್ತದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ದಣಿಗಳು ತಾಳ್ಮೆಯಿಂದಲೇ ಕೇಳಿದರು. ಕೆಟ್ಟವರಲ್ಲ ಅವರು. ಮಾತು ಮುಗಿದ ಮೇಲೆ ಮ್ಯಾನೇಜರ ಕಡೆ ತಿರುಗಿದರು. ಮ್ಯಾನೇಜರು ಗಡಿಯಾರ ನೋಡಿಕೊಂಡರು.

"ಕಂಡೆನ್ಸರು ಈಗ ಹಾಳಾಗಿಲ್ಲ ಅಲ್ವಾ ಬಾಯಮ್ಮ?"

"ಈಗ ಇಲ್ಲ."

"ಹಾಗಾದರೆ ಪತ್ತನಾಜೆ ತನಕ ನಡೆಯಲಿ ಮಾರಾಯ್ರೆ. ಆಮೇಲೆ ನೀವು ಹೇಳಿದ ಹಾಗೇ ಮಾಡುವ."

ಪತ್ತನಾಜೆ ಎಂದರೆ ಮಳೆಗಾಲದ ಬಾಗಿಲು. ಯಕ್ಷಗಾನದ ಆಟ, ಭೂತದ ಕೋಲ, ನಾಟಕ ಎಲ್ಲ ಆ ದಿನಕ್ಕೆ ನಿಲ್ಲುತ್ತವೆ. ಆಗಿನ್ನೂ ಚಳಿಗಾಲದ ಆರಂಭ. ಅಂಕಲ್ ಮತ್ತೊಮ್ಮೆ "ಬೇಡ ದಣಿಗಳೇ" ಎಂದರು. ದಣಿಗಳು ಬೆಂಚಿನ ಹತ್ತಿರದಿಂದ ಕದಲಲಿಲ್ಲ. ಕೊನೆಗೆ ಅಂಕಲ್ ಕಟರ್ ತೆಗೆದುಕೊಂಡು ಹೊಸ ತಂತಿಯನ್ನು ತಮ್ಮ ಕೈಯಿಂದಲೇ ಕತ್ತರಿಸಿದರು. ಆ ಸಣ್ಣ 'ಟಿಕ್' ಶಬ್ದಕ್ಕೆ ಮ್ಯಾನೇಜರು ಹಗುರಾಗಿ ನಕ್ಕರು. ತುಂಡಾದ ಎರಡು ತುದಿಗಳಿಗೂ ಅಂಕಲ್ ಟೇಪು ಸುತ್ತಿ, ಜೋಡಿಸಲು ಸುಲಭವಾಗುವಂತೆ ಪಕ್ಕಪಕ್ಕ ಮಡಚಿಟ್ಟರು.

ಮೈಕು ಸ್ವಚ್ಛವಾಯಿತು. ತಂಡ ಊರೂರು ತಿರುಗಿತು. ಕ್ರಿಸ್ಮಸ್ ಕಳೆದ ಮೇಲೆ ಮೊದಲ ಸುದ್ದಿ ಬಂತು. ಪೆಟ್ಟಿಗೆ ಹೊರುವವರು ಅದನ್ನು ಲಾರಿಯಿಂದ ಇಳಿಸಿ, ಕರೆಂಟು ಕೊಟ್ಟ ಮೇಲೆ ಸ್ವಲ್ಪ ಸರಿಸಲು ಹೋದರೆ ಹಿಡಿಕೆಯಲ್ಲಿ ಇರುವೆ ಕಚ್ಚಿದಂತಾಗುತ್ತದಂತೆ. ಇದನ್ನು ಹೇಳಿದವನು ತಂಡದಲ್ಲಿ ರಾಕ್ಷಸನ ಪಾತ್ರ ಮಾಡುವ ನಟ. ಹೊಸಬರು ಬಂದರೆ ಬೇಕೆಂದೇ ಹಿಡಿಕೆ ಮುಟ್ಟಿಸಿ ತಮಾಷೆ ನೋಡುತ್ತೇವೆ ಎಂದು ಅವನು ನಗುತ್ತಾ ಹೇಳಿದ.

"ಚಪ್ಪಲಿ ಹಾಕಿದ್ದಿರಾ ಆಗ?" ಎಂದು ಅಂಕಲ್ ಕೇಳಿದರು.

"ಹಾಕಿದ್ದೆವು. ಎಂತಕ್ಕೆ?"

ಅವನು ಹೋದ ಮೇಲೆ ಅಂಕಲ್ ದಣಿಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಪೆಟ್ಟಿಗೆ ಒಂದು ದಿನವೂ ಖಾಲಿ ಇಲ್ಲವಂತೆ.

ಬೇಸಿಗೆ ಬಲಿತ ಹಾಗೆ ಸುದ್ದಿಯೂ ಬಲಿಯಿತು. ಇರುವೆ ಎಂದವರು ಆಮೇಲೆ ಚೇಳು ಎಂದರು. ನಾಯಕಿಯ ಪಾತ್ರದ ಹೆಂಗಸಿನ ಬಳೆ ಪೆಟ್ಟಿಗೆಯ ಅಂಚಿಗೆ ತಾಗಿ, ಮೊಣಕೈ ತನಕ ಜೋಮು ಹಿಡಿದು ಅವಳು ಅತ್ತುಬಿಟ್ಟಳಂತೆ. ಆ ಪೆಟ್ಟಿಗೆಯಲ್ಲಿ ಏನೋ ಇದೆ, ಬೊಂಬಾಯಿಯಲ್ಲಿ ಯಾರನ್ನೋ ಬಲಿ ತೆಗೆದುಕೊಂಡು ಬಂದದ್ದು ಅದು ಎಂದು ತಂಡದಲ್ಲಿ ಮಾತು ಶುರುವಾಯಿತು. ಅದಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ, ನಾಟಕಕ್ಕೆ ಮೊದಲು ಮಾಡುವ ಪೂಜೆಯಲ್ಲಿ ಆ ಪೆಟ್ಟಿಗೆಗೂ ಒಂದು ತೆಂಗಿನಕಾಯಿ ಒಡೆಯುವುದು.

ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅತ್ತೆ "ಎಂತ ಆಯಿತು?" ಎಂದು ಕೇಳಿದರು. ಹೇಗೆ ಹೇಳುವುದು? ಬರಿಗಾಲು, ಕಾಯಿಯ ನೀರು, ಒದ್ದೆ ಕೈ. ಪೂಜೆಯೆಂದರೆ ಈ ಮೂರೂ ಇದ್ದೇ ಇರುತ್ತವೆ. ನನಗೆ ಕಣ್ಣು ಮುಚ್ಚಿದರೆ ಆ ಉಕ್ಕಿನ ಹಿಡಿಕೆಯೇ ಕಾಣುತ್ತಿತ್ತು.

ಒಮ್ಮೆ ತಂಡ ಜೆಪ್ಪುವಿನ ಹತ್ತಿರವೇ ಬಂದಾಗ ನಾನು ಮತ್ತು ಅಂಕಲ್ ಸಂಜೆಗೆ ಮೊದಲೇ ಹೋಗಿ ಮೀಟರ್ ಹಿಡಿದು ನೋಡಿದೆವು. ಹಿಡಿಕೆಗೂ ನೆಲಕ್ಕೂ ನಡುವೆ ಮುಳ್ಳು ಗೋಡೆಯ ಕರೆಂಟಿನ ಅರ್ಧವನ್ನು ದಾಟಿ ಮುಂದೆ ಹೋಗಿ ನಿಂತಿತ್ತು. ಎಲ್ಲ ಸರಿಯಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅದು ಅರ್ಧಕ್ಕೇ ನಿಲ್ಲಬೇಕಿತ್ತು. ಕಂಡೆನ್ಸರು ಒಳಗಿಂದೊಳಗೆ ಸಾಯುತ್ತಿತ್ತು. ಕೂಡಲೇ ಬಿಚ್ಚಬೇಕೆಂದು ಅಂಕಲ್ ಹೇಳಿದಾಗ ಮ್ಯಾನೇಜರು ಅಡ್ಡ ಬಂದರು. ಜನ ಆಗಲೇ ಚಾಪೆ ಹಾಸಿ ಕೂತಿದ್ದರು.

"ನಿಮ್ಮ ದಣಿಗಳು ಹೇಳಲಿ, ಬಿಚ್ಚಿ" ಎಂದರು.

ಮರುದಿನ ಅಂಕಲ್ ದಣಿಗಳಿಗೆ ನೇರವಾಗಿ ಹೇಳಿದರು: ಉರ್ವದಲ್ಲಿ ತಂಡದ ಕೊನೆಯ ನಾಟಕ ಉಂಟಲ್ಲ, ಆವತ್ತು ಮಧ್ಯಾಹ್ನ ನಾವು ಹೋಗಿ ತಂತಿ ಜೋಡಿಸುತ್ತೇವೆ, ಫಿಲ್ಟರನ್ನೂ ಬದಲಾಯಿಸುತ್ತೇವೆ, ಆಗುವುದಿಲ್ಲ ಎಂದಾದರೆ ನಾನು ನಾಳೆಯಿಂದ ಬರುವುದಿಲ್ಲ. ದಣಿಗಳು ಮೊದಲ ಸಲ ತಲೆ ತಗ್ಗಿಸಿದರು. "ಆಯಿತು ಪೊರ್ಬುಳೇ. ನಾನೂ ಬರ್ತೇನೆ ಆವತ್ತು. ಕೊನೆಯ ಪೂಜೆ ನಾನೇ ಮಾಡಬೇಕಂತೆ."

ಆ ದಿನ ಬೆಳಿಗ್ಗೆ ಕುಲಶೇಖರದ ಕಡೆ ಒಂದು ಮದುವೆ ಮನೆಯ ಲೈಟು ಕೆಟ್ಟಿದೆಯೆಂದು ನಮ್ಮಿಬ್ಬರನ್ನೂ ಕರೆಸಿದ್ದರು. ಹಿಂದಿನ ಸಂಜೆ ಮುಂಗಾರಿಗೆ ಮೊದಲಿನ ಗುಡುಗು ಮಳೆ ಬಿದ್ದಿತ್ತು, ವಯರಿಂಗೆಲ್ಲ ಒದ್ದೆ. ಕೆಲಸ ಮುಗಿಸಿ ಬಸ್ಸು ಹತ್ತಿದಾಗ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಂತೂರಿನ ಹತ್ತಿರ ಬಸ್ಸು ನಿಂತಿತು. ಮುಂದೆ ಒಂದು ಲಾರಿ ಅಡ್ಡ ಮಗುಚಿ, ಅದರಲ್ಲಿದ್ದ ಮರದ ದಿಮ್ಮಿಗಳು ರಸ್ತೆ ತುಂಬಾ ಉರುಳಿದ್ದವು. ಎರಡು ಕಡೆಯಲ್ಲೂ ಬಸ್ಸು, ಲಾರಿ, ಸ್ಕೂಟರುಗಳು ಹೊಗೆ ಬಿಡುತ್ತಾ ನಿಂತಿದ್ದವು. ಕಂಡಕ್ಟರು ಇಳಿದು ಹೋಗಿ ನೋಡಿ ಬಂದು, ಕ್ರೇನ್ ಬರಬೇಕು ಎಂದ. ಅಂಕಲ್ ಕಿಟಕಿಯಿಂದ ಆಕಾಶ ನೋಡಿದರು. ಮೋಡ ಮತ್ತೆ ಕಟ್ಟುತ್ತಿತ್ತು.

"ನಡೆಯುವ" ಎಂದರು.

ಟೂಲ್ಸ್ ಚೀಲ ಹೊತ್ತು ನಡೆದೆವು. ಮುಂದೆ ಎಲ್ಲೋ ಒಂದು ರಿಕ್ಷಾ ಸಿಕ್ಕಿತು. ರಿಕ್ಷಾದಲ್ಲಿ ಅವರು ಒಂದೇ ಮಾತಾಡಿದ್ದು: "ಪೂಜೆ ಎಷ್ಟು ಹೊತ್ತಿಗಂತೆ?" ನನಗೆ ಗೊತ್ತಿರಲಿಲ್ಲ.

ಉರ್ವದ ಮೈದಾನದ ಹತ್ತಿರ ಇಳಿದಾಗ ಇನ್ನೂ ಬೆಳಕಿತ್ತು. ಲೌಡ್‌ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕಿದ್ದರು. ಒಂದಿಷ್ಟೂ ಗುಂಯ್ ಇಲ್ಲದ, ಗಾಜಿನಂಥ ಸ್ವರ. ವೇದಿಕೆಯ ಬದಿಯಲ್ಲಿ, ನೆಲದ ಮೇಲೆ ಇಟ್ಟಿಗೆ ಇಟ್ಟು ಅದರ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಅದರ ಕೆಂಪು ದೀಪ ಉರಿಯುತ್ತಿತ್ತು. ಮುಂದೆ ಒಂದು ಕಲ್ಲು. ದಣಿಗಳು ಬಿಳಿ ಮುಂಡು ಉಟ್ಟು ಬರಿಗಾಲಿನಲ್ಲಿ ಒದ್ದೆ ಮಣ್ಣಿನ ಮೇಲೆ ನಿಂತು ಕಾಯಿ ಎತ್ತಿದ್ದರು.

ಅಂಕಲ್ ಓಡುತ್ತಲೇ ಕೂಗಿದರು, "ದಣಿಗಳೇ, ಮುಟ್ಟಬೇಡಿ!" ಲೌಡ್‌ಸ್ಪೀಕರಿನ ಹಾಡಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಕಾಯಿ ಒಡೆಯಿತು. ದಣಿಗಳು ಎರಡು ಹೋಳುಗಳನ್ನು ಇಟ್ಟು, ಕುಂಕುಮದಲ್ಲಿ ಬೆರಳದ್ದಿ ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿದರು. ಅಲ್ಲಿ ಬಣ್ಣ ದಪ್ಪಗಿತ್ತು, ಏನೂ ಆಗಲಿಲ್ಲ. ಆಮೇಲೆ ಬಗ್ಗಿ ನಮಸ್ಕರಿಸಲು ಆಸರೆಗೆಂದು ಬಲಗೈಯಲ್ಲಿ ಹಿಡಿಕೆ ಹಿಡಿದರು.

ಅವರು ಕೂಗಲಿಲ್ಲ. ಬಗ್ಗಿದ್ದ ಬೆನ್ನು ಒಮ್ಮೆಲೇ ನೆಟ್ಟಗಾಯಿತು, ತಲೆ ಹಿಂದಕ್ಕೆ ಹೋಯಿತು. ಸುತ್ತ ನಿಂತವರು ಮೈಮೇಲೆ ಬಂತೆಂದು ತಿಳಿದು ಕೈ ಮುಗಿದರು. ಅದನ್ನು ನಾನು ಎಂದೂ ಮರೆಯಲಾರೆ: ಒಬ್ಬ ಮನುಷ್ಯ ಸಾಯುತ್ತಿದ್ದ, ಜನ ಕೈ ಮುಗಿದು ನಿಂತಿದ್ದರು.

ರಾಕ್ಷಸನ ವೇಷದ ನಟನಿಗೆ ಮಾತ್ರ ಅದೇನೆಂದು ಹೊಳೆಯಿತು. ಅವನು ದಣಿಗಳನ್ನು ಎಳೆಯಲು ನುಗ್ಗಿದ. ಅಂಕಲ್ ಅವನ ಸೊಂಟಕ್ಕೆ ಬಿದ್ದು ಇಬ್ಬರೂ ಕೆಸರಿನಲ್ಲಿ ಉರುಳಿದರು. "ಮೈನ್!" ಎಂದು ಅಂಕಲ್ ನನ್ನ ಕಡೆ ಕಿರುಚಿದರು. ಮೈನ್ ಸ್ವಿಚ್ಚು ವೇದಿಕೆಯ ಹಿಂದಿನ ಕಂಬದಲ್ಲಿತ್ತು. ಪರದೆಗಳ ನಡುವೆ ಎಡವಿ, ಹಗ್ಗ ದಾಟಿ, ಹೇಗೆ ಹೋದೆನೋ ತಿಳಿಯದು. ಅದರ ಹಿಡಿಯನ್ನು ಮುಟ್ಟುವಾಗಲೂ ನನ್ನ ಕೈ ತಾನಾಗಿಯೇ ಮೊದಲು ಬೆರಳ ಹಿಂಬದಿಯನ್ನು ತಾಗಿಸಿತು. ಆಮೇಲೆ ಎಳೆದೆ. ಹಾಡು ನಿಂತಿತು. ಆ ಮೌನದಲ್ಲಿ ಯಾರೋ ಭಾರವಾಗಿ ನೆಲಕ್ಕೆ ಬಿದ್ದ ಸದ್ದು ಕೇಳಿತು.

ನಾನು ಮುಂದಕ್ಕೆ ಬಂದಾಗ ಅಂಕಲ್ ದಣಿಗಳ ಎದೆಯ ಮೇಲೆ ಎರಡು ಕೈಯಿಟ್ಟು ಒತ್ತುತ್ತಿದ್ದರು. ಒತ್ತುವುದು, ಬಾಯಿಗೆ ಬಾಯಿಟ್ಟು ಗಾಳಿ ಊದುವುದು, ಮತ್ತೆ ಒತ್ತುವುದು. ದಣಿಗಳ ತುಟಿ ನೀಲಿಯಾಗಿತ್ತು. ಹೆಂಗಸರು ಅಳಲು ಶುರು ಮಾಡಿದರು. ಯಾರೋ "ಸಾಕು ಪೊರ್ಬುಳೇ, ಹೋಯಿತು" ಎಂದರು. ಅಂಕಲ್ ಕೇಳಿಸಿಕೊಳ್ಳಲಿಲ್ಲ. ಅವರ ಬೆವರು ದಣಿಗಳ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ದಣಿಗಳ ಕಾಲ ಹತ್ತಿರ ಕೂತು ಜಪಮಾಲೆಯ ಮಾತುಗಳನ್ನು ತಪ್ಪುತಪ್ಪಾಗಿ ಹೇಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ದಣಿಗಳ ಗಂಟಲಿನಿಂದ ಗೊರಗೊರ ಎಂದು ಒಂದು ಶಬ್ದ ಬಂತು. ಅಷ್ಟು ಕೆಟ್ಟ ಶಬ್ದವನ್ನು ನಾನು ಅಷ್ಟು ಸಂತೋಷದಿಂದ ಇನ್ನೆಂದೂ ಕೇಳಿಲ್ಲ.

ಯಾರದ್ದೋ ಕಾರಿನಲ್ಲಿ ಅವರನ್ನು ಆಸ್ಪತ್ರೆಗೆ ಕೊಂಡುಹೋದರು. ಅಂಕಲ್ ಜೊತೆಗೆ ಹೋದರು. ಮ್ಯಾನೇಜರು ನನ್ನ ಹತ್ತಿರ ಬಂದು ನಿಂತರು. ಕೇಳಿದರು: "ಬಾಯಮ್ಮ, ಜನ ಬಂದಾಗಿದೆ. ಟ್ಯೂಬ್‌ಲೈಟಿನಲ್ಲಾದರೂ ಮಾಡಬಹುದಲ್ಲ?" ನಾನು ಪೆಟ್ಟಿಗೆಯ ಕೇಬಲ್ ಬಿಚ್ಚಿ, ಎಲ್ಲ ತುದಿಗಳನ್ನೂ ಪರೀಕ್ಷಿಸಿ, ಮೈನ್ ಮೇಲೆ ಮಾಡಿ ಕೊಟ್ಟೆ. ನಾಟಕ ನಡೆಯಿತಂತೆ. ನಾನು ನಿಲ್ಲಲಿಲ್ಲ.

ಮರುದಿನ ಫಿಲ್ಟರನ್ನು ಬಿಚ್ಚಿದೆ. ಕಂಡೆನ್ಸರಿನ ಹೊಟ್ಟೆ ಸೀಳಿ ಕಂದು ಮೇಣ ಹೊರಗೆ ಬಂದಿತ್ತು. ಬೆಂಚಿನ ಬಲ್ಬನ್ನು ಪೆಟ್ಟಿಗೆಯ ಮೈಗೂ ಕರೆಂಟಿನ ಪಿನ್ನಿಗೂ ನಡುವೆ ಕೊಟ್ಟು ನೋಡಿದೆ. ಅದು ಪೂರ್ತಿ ಬೆಳಗಿತು. ಅಂಕಲ್ ಅದನ್ನು ನೋಡಿ ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು.

ದಣಿಗಳು ಮಳೆಗಾಲ ಹಿಡಿದ ಮೇಲೆ ಗೋದಾಮಿಗೆ ಬಂದರು. ತೆಳ್ಳಗಾಗಿದ್ದರು. ಬಲಗೈಯ ಅಂಗೈಯಲ್ಲಿ ಹಿಡಿಕೆಯ ಅಗಲದ ಸುಟ್ಟ ಗಾಯ. ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ನಮ್ಮ ಬೆಂಚಿನ ಎದುರು ಕೂತರು.

"ಪೊರ್ಬುಳೇ, ನೀವು ಬೇಡ ಅಂದಿದ್ದಿರಿ."

"ಅಂದಿದ್ದೆ."

"ಎರಡು ಸಲ ಅಂದಿರಿ. ನಂಗೆ ನೆನಪುಂಟು."

"ಅಂದೆ. ಅಂದು ತುಂಡೂ ಮಾಡಿದೆ" ಎಂದರು ಅಂಕಲ್.

ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಹೋಗುವಾಗ ದಣಿಗಳು ನನಗೆ, ಇನ್ನು ಯಾವ ಡಬ್ಬಿಯ ಹಸಿರು ತಂತಿಯನ್ನೂ ಯಾರು ಹೇಳಿದರೂ ಮುಟ್ಟಬೇಡಿ, ನಾನು ಹೇಳಿದರೂ ಮುಟ್ಟಬೇಡಿ ಎಂದರು. ಆ ನಾಟಕ ತಂಡ ಮುಂದಿನ ವರ್ಷ ಬೇರೆ ಕಡೆಯಿಂದ ಲೈಟು ತರಿಸಿತು. ಅದರಲ್ಲಿ ಗುಂಯ್ ಶಬ್ದ ಇಲ್ಲ ಎಂದು ರಾಕ್ಷಸನ ಪಾತ್ರದ ನಟ ಬಂದು ಹೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನಿಗೂ ಅರ್ಥವಾಗಿತ್ತು. "ನಾನು ಆ ಪೆಟ್ಟಿಗೆ ಹತ್ತಿರ ಹೋಗುವುದಿಲ್ಲ" ಎಂದ. ಅವನಿಗೂ ಹೊಟ್ಟೆಪಾಡು, ತಂಡ ಬಿಡುವಂತಿರಲಿಲ್ಲ.

ಬದಲಾದವರು ಅಂಕಲ್. ಮೊದಲಿನ ಹಾಗೇ ಬಿಚ್ಚುತ್ತಿದ್ದರು, ಬೆಸೆಯುತ್ತಿದ್ದರು, ನನಗೆ ಕಲಿಸುತ್ತಿದ್ದರು. ಆದರೆ ಎಲ್ಲ ಮುಗಿದು ಕರೆಂಟು ಕೊಡುವ ಹೊತ್ತಿಗೆ ಸ್ವಿಚ್ಚಿನ ಹತ್ತಿರ ಬೆರಳು ಒಯ್ದು ನಿಲ್ಲಿಸುತ್ತಿದ್ದರು. ಶಿಲುಬೆಯ ಗುರುತು ಮಾಡುತ್ತಿದ್ದರು. ಮತ್ತೆ ನಿಲ್ಲುತ್ತಿದ್ದರು. "ಬಾಯೆ, ನೀನೇ ಹಾಕು" ಎಂದು ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮೊದಮೊದಲು ದಣಿವೆಂದು ತಿಳಿದೆ. ಆಮೇಲೆ ಅದು ಪ್ರತಿ ಸಲವೂ ಆಗತೊಡಗಿತು. ಒಂದು ಸಲ ನಾನು ಹೇಳಿದೆ, "ಅಂಕಲ್, ಅವರು ಬದುಕಿದ್ದು ನಿಮ್ಮಿಂದ." ಅವರು ತಿರುಗಿ ನೋಡದೆ, "ಬೊಂಬಾಯಿಯವನೂ ಹೀಗೇ ಜೋಡಿಸಿರಬೇಕು, ಆದ ಮೇಲೆ" ಎಂದರು. ಡ್ರಾಯರಿನಲ್ಲಿದ್ದ ಹಳೆಯ ತುಂಡನ್ನು ಅವರು ಆಗಾಗ ತೆಗೆದು ನೋಡುತ್ತಿದ್ದರೆಂದು ನನಗೆ ಆಗ ತಿಳಿಯಿತು. ಮರುವರ್ಷ ಅವರ ಮಗಳು ಬಂದು ಅವರನ್ನು ತನ್ನ ಜೊತೆ ಕರೆದುಕೊಂಡು ಹೋದಳು. ಕೆಲವು ಕ್ರಿಸ್ಮಸ್‌ಗಳಿಗೆ ಕಾರ್ಡು ಬಂತು. ಆಮೇಲೆ ಬರಲಿಲ್ಲ.

ಬೆಂಚು ನನ್ನದಾಯಿತು. ಗಂಡ ನನಗೆ ವೀಸಾ ಕಳಿಸುವ ತನಕ ಅಲ್ಲೇ ಇದ್ದೆ. ಉರ್ವದ ಆ ಸಂಜೆಯ ನಂತರ ನಾನು ಎಲ್ಲಿಗೆ ಲೈಟು ಹೋದರೂ ಮೊದಲು ಹೋಗಿ ಗೋಡೆಯ ಪ್ಲಗ್ ಪಾಯಿಂಟ್ ಬಿಚ್ಚಿ ನೋಡುವ ಕ್ರಮ ಇಟ್ಟುಕೊಂಡೆ. ಮೂರು ತೂತುಗಳಿರುತ್ತಿದ್ದವು. ದೊಡ್ಡ ತೂತಿನ ಹಿಂದೆ ಹಸಿರು ತಂತಿ ಇರಬೇಕು. ಎಷ್ಟೋ ಸಭಾಭವನಗಳಲ್ಲಿ ಅಲ್ಲಿ ಬರಿಯ ಸ್ಕ್ರೂ ಇತ್ತು, ತಂತಿಯೇ ಇರಲಿಲ್ಲ. ನಾವು ಪೆಟ್ಟಿಗೆಯಲ್ಲಿ ಎಷ್ಟು ಗಟ್ಟಿಯಾಗಿ ಜೋಡಿಸಿದರೂ ಅದು ಗೋಡೆಯೊಳಗೆ ಹೋಗಿ ಎಲ್ಲಿಗೂ ಸೇರುತ್ತಿರಲಿಲ್ಲ.

ಊರು ಬಿಡುವ ಮೊದಲು ನಾನು ಮಾಡಿದ ಕೊನೆಯ ಕೆಲಸ ಒಂದು ಹೊಸ ಸಭಾಭವನದಲ್ಲಿ. ಆವತ್ತು ಅಲ್ಲಿ ಮಕ್ಕಳ ನೃತ್ಯ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಪ್ಲಗ್ ಪಾಯಿಂಟ್ ಬಿಚ್ಚಿದೆ. ಒಳಗೆ ಎರಡೇ ತಂತಿ.

ವಾಚ್‌ಮನ್ ನನ್ನ ಹಿಂದೆ ನಿಂತು ನೋಡುತ್ತಿದ್ದ. "ಎಂತ ಮೇಡಂ? ಕರೆಂಟು ಬರ್ತಾ ಉಂಟಲ್ಲ."

"ಬರ್ತಾ ಉಂಟು" ಎಂದೆ. ಒಂದು ಕಬ್ಬಿಣದ ಪೈಪು, ಸುತ್ತಿಗೆ, ಇದ್ದಿಲು ಮತ್ತು ಉಪ್ಪು ಬೇಕೆಂದು ಕೇಳಿದೆ. ಅವನು ಅನುಮಾನದಿಂದ ನನ್ನನ್ನು ನೋಡಿ, ಉಪ್ಪು ಅಡುಗೆಮನೆಯಲ್ಲಿ ಉಂಟು ಎಂದ. ಕಿಟಕಿಯ ಹೊರಗಿನ ಮಣ್ಣಿನಲ್ಲಿ ನಾವಿಬ್ಬರೂ ಸೇರಿ ಗುಂಡಿ ತೋಡಿ ಪೈಪು ಹೊಡೆದೆವು, ಇದ್ದಿಲು ಉಪ್ಪು ತುಂಬಿ ನೀರು ಹೊಯ್ದು, ಅಲ್ಲಿಂದ ಪ್ಲಗ್ಗಿನ ದೊಡ್ಡ ತೂತಿಗೆ ಹಸಿರು ತಂತಿ ಎಳೆದೆವು. ಆಗಲೇ ಗೆಜ್ಜೆ ಕಟ್ಟಿದ ಮಕ್ಕಳು ಬರಿಗಾಲಿನಲ್ಲಿ ವೇದಿಕೆಯ ಮೇಲೆ ಓಡಾಡುತ್ತಿದ್ದರು. ನಾನು ಒಳಗೆ ಬಂದು ಅವರನ್ನೆಲ್ಲ ಕೆಳಗಿಳಿಸಿ, ಸ್ವಿಚ್ಚು ಹಾಕಿದೆ. ಪೆಟ್ಟಿಗೆಯ ಹತ್ತಿರ ಮಂಡಿಯೂರಿ, ಬೆರಳ ಹಿಂಬದಿಯನ್ನು ಹಿಡಿಕೆಗೆ ತಾಗಿಸಿ ಕಾದೆ. ಏನೂ ಇರಲಿಲ್ಲ. ಇನ್ನೊಮ್ಮೆ ತಾಗಿಸಿದೆ.